ಸಮುದಾಯ ಬಾನುಲಿ ಕೇಂದ್ರದ ಅರ್ಜಿದಾರರಿಗೆ ಮಾಹಿತಿ: ಆಡಿಯೊ ಪ್ರೊಸೆಸರ್‌ನ ಇನ್‌ಪುಟ್ ಹಾಗೂ ಗೇನ್ ಹೊಂದಾಣಿಕೆ

1. ಪೀಠಿಕೆ

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಕೇವಲ 30 ವ್ಯಾಟ್ ಸಾಮರ್ಥ್ಯದ ಯಂತ್ರದ ಮೂಲಕ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬಳಕೆಗೆ ಬಂದುದು ಈ ಕೇಂದ್ರಕ್ಕೇ. ಅಲ್ಪ ಸಾಮರ್ಥ್ಯದ ಸ್ಥಳೀಯ ಪ್ರಸಾರಕ್ಕೆ ಇಂದು ಸಮುದಾಯ ಬಾನುಲಿ ಯೋಜನೆಯಡಿ ಅವಕಾಶವಿದೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ನೀಡಲಾದ ಈ ಅವಕಾಶವನ್ನು 2006ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ವಿಸ್ತರಿಸಲಾಯಿತು. ಇಂತಹ ಕೇಂದ್ರದ ಪರಿಣಾಮಕಾರಿ ಪ್ರಸಾರ ಸಾಮರ್ಥ್ಯವು ಸಾಮಾನ್ಯವಾಗಿ 100 ವ್ಯಾಟ್ ಮೀರತಕ್ಕದ್ದಲ್ಲ.

ಅರ್ಜಿದಾರರು ಸಾಮಾನ್ಯವಾಗಿ ಪರವಾನಗಿ, ಗೋಪುರ ಮತ್ತು ಟ್ರಾನ್ಸ್‌ಮಿಟರ್ ಕುರಿತು ವಿಚಾರಿಸುತ್ತಾರೆ. ಮಾತು ಕೇಳುಗರಿಗೆ ಸ್ಪಷ್ಟವಾಗಿ ತಲುಪುವುದೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಆಡಿಯೊ ಪ್ರೊಸೆಸರ್ ಕುರಿತು ವಿಚಾರಿಸುವವರು ವಿರಳ. ಆದುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಇದರ ಅಗತ್ಯವೇನು?

ಸಾಲಗಾಮೆಯಂತಹ ಹೋಬಳಿ ಕೇಂದ್ರದಲ್ಲಿ ಒಂದು ಸಂಸ್ಥೆಯು ಬಾನುಲಿ ಕೇಂದ್ರವನ್ನು ಸ್ಥಾಪಿಸಿದೆ ಎಂದು ಭಾವಿಸೋಣ. ಮುಂಗಾರಿನ ಮೋಡ ಮುಸುಕಿದ ದಿನಗಳಲ್ಲಿ ಆಲೂಗೆಡ್ಡೆ ಬೆಳೆಗೆ ಅಂಗಮಾರಿ ರೋಗ ತಗಲುವ ಸಂಭವವಿರುತ್ತದೆ. ಕೃಷಿ ಅಧಿಕಾರಿಯು ಗಟ್ಟಿಯಾದ ಧ್ವನಿಯಲ್ಲಿ ಔಷಧಿಯ ಪ್ರಮಾಣವನ್ನು ತಿಳಿಸುತ್ತಾರೆ. ಅನಂತರ ಹಿರಿಯ ರೈತ ಮಹಿಳೆಯೊಬ್ಬರು ಮೆಲುದನಿಯಲ್ಲಿ ತಮ್ಮ ಅನುಭವವನ್ನು ಹೇಳುತ್ತಾರೆ. ಕೇಳುಗರು ಹೊಲದ ಬದುವಿನಲ್ಲಿ ಸಣ್ಣ ರೇಡಿಯೊ ಅಥವಾ ಮೊಬೈಲ್ ಹಿಡಿದು ಆಲಿಸುತ್ತಿರುತ್ತಾರೆ. ಒಂದು ಲೀಟರ್ ನೀರಿಗೆ ಎಷ್ಟು ಗ್ರಾಂ ಔಷಧಿ ಎಂಬ ಒಂದೇ ಒಂದು ಅಂಕಿ ಒಡೆದು ಕೇಳಿಸಿದರೂ ಆ ಕಾರ್ಯಕ್ರಮದಿಂದ ಪ್ರಯೋಜನವಿಲ್ಲ. ಮಹಿಳೆಯ ಮಾತು ಕೇಳಿಸದಿದ್ದಲ್ಲಿ ಕೇಳುಗರು 102.2 ಮೆಗಾಹರ್ಟ್ಸ್‌ನ ಹಾಸನ ಆಕಾಶವಾಣಿಗೆ ತಿರುಗುವುದು ಸಹಜ.

ಮೆಲುದನಿಯನ್ನು ಎತ್ತುವುದು, ಗಟ್ಟಿದನಿಯನ್ನು ತಗ್ಗಿಸುವುದು ಹಾಗೂ ಪ್ರಸಾರವು ನಿಗದಿತ ಮಿತಿಯನ್ನು ಮೀರದಂತೆ ತಡೆಯುವುದು ಪ್ರೊಸೆಸರ್‌ನ ಕಾರ್ಯ. ಆದರೆ ಒಳಬರುವಾಗಲೇ ಒಡೆದಿರುವ ಧ್ವನಿಯನ್ನು ಯಾವ ಪ್ರೊಸೆಸರ್ ಕೂಡ ಸರಿಪಡಿಸಲಾರದು. ಆರಂಭ ಶಿಲ್ಕು ತಪ್ಪಾಗಿದ್ದರೆ ಮುಂದಿನ ಪ್ರತಿಯೊಂದು ಪುಟದ ಲೆಕ್ಕವೂ ತಪ್ಪಾಗುವಂತೆಯೇ ಇದು. ಆದ್ದರಿಂದ ಹೊಂದಾಣಿಕೆಯನ್ನು ಇನ್‌ಪುಟ್‌ನಿಂದ ಆರಂಭಿಸಿ ಕ್ರಮವಾಗಿ ಔಟ್‌ಪುಟ್‌ನತ್ತ ಸಾಗತಕ್ಕದ್ದು.

3. ಹೊಂದಾಣಿಕೆಯ ಕ್ರಮ

(ಅ) ಇನ್‌ಪುಟ್ ಆಯ್ಕೆ: ಮಿಕ್ಸರ್‌ನಿಂದ ಬರುವ ಧ್ವನಿ ಅನಲಾಗ್ ಅಥವಾ ಡಿಜಿಟಲ್ ಎಂಬುದನ್ನು ಖಚಿತಪಡಿಸಿಕೊಂಡು ಅದೇ ಇನ್‌ಪುಟ್ ಅನ್ನು ಆಯ್ಕೆ ಮಾಡಬೇಕು. ಸ್ಟುಡಿಯೊ ಉಪಕರಣಗಳ ಸಾಮಾನ್ಯ ಮಟ್ಟ +4 ಡಿಬಿಯು. ಮನೆಬಳಕೆಯ ಉಪಕರಣಗಳದು –10 ಡಿಬಿವಿ. ಇವೆರಡರ ನಡುವೆ ಸುಮಾರು 12 ಡೆಸಿಬಲ್ ಅಂತರವಿದೆ. ಒಂದಕ್ಕೆ ಬದಲಾಗಿ ಮತ್ತೊಂದನ್ನು ಆಯ್ದುಕೊಂಡಲ್ಲಿ ಧ್ವನಿ ತೀರಾ ಕ್ಷೀಣಿಸುತ್ತದೆ ಅಥವಾ ಒಡೆಯುತ್ತದೆ.

(ಆ) ಮಟ್ಟ ನಿಗದಿ: ಮಿಕ್ಸರ್‌ನಿಂದ 1 ಕಿಲೋಹರ್ಟ್ಸ್‌ನ ಪರೀಕ್ಷಾ ನಾದವನ್ನು ಕಳುಹಿಸಿ, ಮಿಕ್ಸರ್‌ನ ಮೀಟರ್ ಸೊನ್ನೆಯನ್ನು ತೋರಿಸುವಾಗ ಪ್ರೊಸೆಸರ್‌ನ ಮೀಟರ್ ಅದರ ಕೈಪಿಡಿಯಲ್ಲಿ ಹೇಳಿರುವ ಮಟ್ಟವನ್ನು ತೋರಿಸುವಂತೆ ಇನ್‌ಪುಟ್ ಗೇನ್ ಅನ್ನು ಹೊಂದಿಸಬೇಕು. ಎಡ ಮತ್ತು ಬಲ ವಾಹಿನಿಗಳು ಸಮನಾಗಿರಬೇಕು. ಡಿಜಿಟಲ್ ಇನ್‌ಪುಟ್‌ನಲ್ಲಿ ಗರಿಷ್ಠ ಮಿತಿ ಸೊನ್ನೆಯಾಗಿದ್ದು, ಪರೀಕ್ಷಾ ನಾದವನ್ನು ಅದಕ್ಕಿಂತ 18 ಅಥವಾ 20 ಡೆಸಿಬಲ್ ಕೆಳಗೆ ಇರಿಸುವುದು ರೂಢಿ. ಈ ಅಂತರವು ಹಠಾತ್ತನೆ ಏರುವ ಧ್ವನಿಗಾಗಿ ಬಿಟ್ಟ ಅವಕಾಶ. ಅದನ್ನು ವ್ಯರ್ಥವೆಂದು ತಿಳಿದು ಗೇನ್ ಹೆಚ್ಚಿಸಬಾರದು.

(ಇ) ವಾಹಿನಿಗಳ ಪರೀಕ್ಷೆ: ಒಂದು ವಾಹಿನಿಯ ತಂತಿಗಳು ಅದಲುಬದಲಾಗಿದ್ದಲ್ಲಿ, ಎರಡೂ ವಾಹಿನಿಗಳು ಸೇರುವ ಒಂಟಿ ಸ್ಪೀಕರ್‌ನ ರೇಡಿಯೊದಲ್ಲಿ ಮಾತು ಬಹುತೇಕ ಅಳಿಸಿಹೋಗುತ್ತದೆ. ಆದಕಾರಣ ಸ್ಟುಡಿಯೊದ ಹೆಡ್‌ಫೋನ್‌ನಲ್ಲಿ ಮಾತ್ರವಲ್ಲದೆ, ಸಾಧಾರಣ ರೇಡಿಯೊದಲ್ಲಿಯೂ ಕೇಳಿ ಪರೀಕ್ಷಿಸತಕ್ಕದ್ದು.

(ಈ) ಸ್ವಯಂಚಾಲಿತ ಗೇನ್ ನಿಯಂತ್ರಣ: ಮಾತು, ಜನಪದ ಗೀತೆ, ದೂರವಾಣಿ ಸಂಭಾಷಣೆ ಇವುಗಳನ್ನು ಒಂದೊಂದಾಗಿ ಪ್ರಸಾರ ಮಾಡಿ ಗೇನ್ ತಗ್ಗಿಸುವ ಮೀಟರ್ ಅನ್ನು ಗಮನಿಸಬೇಕು. ಸಾಧಾರಣ ಮಟ್ಟದ ಧ್ವನಿಗೆ ಅದು ಸುಮಾರು 10 ಡೆಸಿಬಲ್ ತೋರಿಸುವಂತೆ ಹೊಂದಿಸಿದಲ್ಲಿ, ಮೆಲುದನಿಯನ್ನು ಎತ್ತಲು ಅಷ್ಟೇ ಅವಕಾಶ ಉಳಿಯುತ್ತದೆ. ಮೀಟರ್ ಸದಾ ಸೊನ್ನೆಯಲ್ಲಿದ್ದರೆ ಒಳಬರುವ ಧ್ವನಿ ಸಾಲದು. ಸದಾ ಕೊನೆಯ ಗುರುತಿನಲ್ಲಿದ್ದರೆ ಅದು ಅತಿಯಾಗಿದೆ ಎಂದು ತಿಳಿಯಬೇಕು.

(ಉ) ಗೇಟ್: ಮಾತಿನ ನಡುವೆ ಮೌನವಿದ್ದಾಗ ಯಂತ್ರವು ಫ್ಯಾನಿನ ಸದ್ದನ್ನೇ ಮಾತೆಂದು ಭಾವಿಸಿ ಎತ್ತಿಬಿಡುತ್ತದೆ. ಗೇಟ್ ಇದನ್ನು ತಡೆಯುತ್ತದೆ. ಅದರ ಮಟ್ಟವು ಕೊಠಡಿಯ ಸದ್ದಿಗಿಂತ ಮೇಲೆ, ಅತ್ಯಂತ ಮೆಲುವಾದ ಮಾತಿಗಿಂತ ಕೆಳಗೆ ಇರಬೇಕು.

(ಊ) ಔಟ್‌ಪುಟ್: ಇದನ್ನು ಕೊನೆಯಲ್ಲಿ ಹೊಂದಿಸತಕ್ಕದ್ದು. ಎಫ್.ಎಂ. ಪ್ರಸಾರದ ಗರಿಷ್ಠ ವಿಚಲನೆ ±75 ಕಿಲೋಹರ್ಟ್ಸ್. ಇದನ್ನು ಮೀರಿದಲ್ಲಿ ಧ್ವನಿ ಒಡೆಯುವುದಲ್ಲದೆ ಪಕ್ಕದ ತರಂಗಾಂತರದ ಕೇಂದ್ರಕ್ಕೂ ಅಡಚಣೆಯಾಗುತ್ತದೆ.

4. ಪದೇ ಪದೇ ಕಂಡುಬರುವ ಒಂದು ದೋಷ

ನಮ್ಮ ದೇಶದ ಎಫ್.ಎಂ. ಪ್ರಸಾರದಲ್ಲಿ 50 ಮೈಕ್ರೊಸೆಕೆಂಡ್‌ನ ಪ್ರಿ-ಎಂಫಸಿಸ್ ಬಳಕೆಯಲ್ಲಿದೆ. ಪ್ರಸಾರಕ್ಕೆ ಮುನ್ನ ಧ್ವನಿಯ ತಾರಕ ಭಾಗವನ್ನು ಹೆಚ್ಚಿಸುವ ಈ ಕ್ರಮದಿಂದ 10 ಕಿಲೋಹರ್ಟ್ಸ್‌ನಲ್ಲಿ ಧ್ವನಿ ಸುಮಾರು 10 ಡೆಸಿಬಲ್ ಏರುತ್ತದೆ. ರೇಡಿಯೊ ಅದನ್ನು ಪುನಃ ಅಷ್ಟೇ ತಗ್ಗಿಸಿಕೊಳ್ಳುತ್ತದೆ. ಈ ಸೌಲಭ್ಯವು ಪ್ರೊಸೆಸರ್ ಮತ್ತು ಟ್ರಾನ್ಸ್‌ಮಿಟರ್ ಎರಡರಲ್ಲಿಯೂ ಇರುವುದುಂಟು. ಆದರೆ ಒಂದರಲ್ಲಿ ಮಾತ್ರ ಚಾಲನೆಯಲ್ಲಿರಬೇಕು. ಎರಡರಲ್ಲಿಯೂ ಚಾಲನೆಯಲ್ಲಿದ್ದರೆ ‘ಸ’, ‘ಶ’, ‘ಚ’ ಅಕ್ಷರಗಳು ಕರ್ಕಶವಾಗಿ ಸೀಳುತ್ತವೆ. ಇದನ್ನು ಮೈಕ್ರೊಫೋನ್‌ನ ದೋಷವೆಂದು ಭಾವಿಸಿ ಹೊಸದನ್ನು ಖರೀದಿಸಿ ವೆಚ್ಚ ಮಾಡುವ ಮುನ್ನ ಈ ಅಂಶವನ್ನು ಪರಿಶೀಲಿಸುವುದು ಸೂಕ್ತ.

5. ದಾಖಲೆ

ಅಂತಿಮವಾಗಿ ನಿಗದಿಪಡಿಸಿದ ಎಲ್ಲ ಮಟ್ಟಗಳನ್ನು ದಿನಾಂಕ ಸಹಿತ ವಹಿಯಲ್ಲಿ ಬರೆದು, ಹೊಂದಿಸಿದವರ ಸಹಿ ಪಡೆದು ಇರಿಸತಕ್ಕದ್ದು. ಯಂತ್ರಕ್ಕೆ ಗುಪ್ತಪದದ ಸೌಲಭ್ಯವಿದ್ದಲ್ಲಿ ಬಳಸಬೇಕು. ಪಾಳಿ ಬದಲಾದಂತೆಲ್ಲ ಒಬ್ಬೊಬ್ಬರು ಗುಂಡಿ ತಿರುಗಿಸುವ ರೂಢಿಯನ್ನು ತಪ್ಪಿಸಲು ಇದು ಸುಲಭ ಮಾರ್ಗ. ಧ್ವನಿ ಕ್ಷೀಣವೆನಿಸಿದಲ್ಲಿ ಮೊದಲು ಮೈಕ್ರೊಫೋನ್ ಮತ್ತು ಮಿಕ್ಸರ್ ಮಟ್ಟವನ್ನು ನೋಡಬೇಕೇ ಹೊರತು ಪ್ರೊಸೆಸರ್ ಅನ್ನು ಮುಟ್ಟಬಾರದು.

6. ಗಮನಿಸಿ

* ಸಮುದಾಯ ಬಾನುಲಿ ಕೇಂದ್ರಕ್ಕೆ ಅನುಮತಿ ನೀಡುವ ಪ್ರಾಧಿಕಾರ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ವ್ಯಕ್ತಿಗಳು ಹಾಗೂ ರಾಜಕೀಯ ಪಕ್ಷಗಳು ಅರ್ಜಿ ಸಲ್ಲಿಸಲು ಅರ್ಹರಲ್ಲ.
* ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸಂಸ್ಥೆಗಳು ಯೋಜನಾ ವೆಚ್ಚವನ್ನು ಸಿದ್ಧಪಡಿಸುವಾಗ ಪ್ರೊಸೆಸರ್ ಹಾಗೂ ಅದನ್ನು ಹೊಂದಿಸುವ ತಂತ್ರಜ್ಞರ ಶುಲ್ಕವನ್ನೂ ಸೇರಿಸಿಕೊಳ್ಳುವುದು ಒಳಿತು.
* ಈ ಮಾಹಿತಿ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಆಯಾ ಯಂತ್ರದ ಕೈಪಿಡಿ ಮತ್ತು ಪರವಾನಗಿಯ ಷರತ್ತುಗಳೇ ಅಂತಿಮ.