655 ಅಂಕ ಬಂದಿದೆ, ಸೀಟು ಸಿಗುತ್ತದಾ?

"ಜಿಮ್ಯಾಟ್‌ನಲ್ಲಿ 655 ಬಂದಿದೆ, ಹಾರ್ವರ್ಡ್ ಸಿಗುತ್ತದಾ?" ಗಲ್ಫ್‌ನಲ್ಲಿ ನಾಲ್ಕೈದು ವರ್ಷ ದುಡಿದು ಎಂಬಿಎ ಕನಸು ಕಾಣುವ ನಮ್ಮ ಇಂಜಿನಿಯರ್ ಹುಡುಗರ ಪ್ರಶ್ನೆ ಇದು. ಊರಲ್ಲಿರುವ ಉಮ್ಮನ ಪ್ರಶ್ನೆ ಬೇರೆ: "ಇರುವ ಕೆಲಸ ಬಿಟ್ಟು ಪುನಃ ಕಲಿಯಲಿಕ್ಕೆ ಹೋಗುವುದಾ?" ಎರಡನ್ನೂ ಒಟ್ಟಿಗೆ ಯೋಚಿಸಬೇಕು. ಸೀಟು ಸಿಗುವ ಸಾಧ್ಯತೆ ಎಷ್ಟೆಂದು ತಿಳಿಯದೆ ಕೆಲಸ ಬಿಡುವುದು, ಜಾಗ ಮಾರುವುದು ಆಗುವ ಮಾತಲ್ಲ.

ಮೊದಲು ಅಂಕದ ವಿಷಯ. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ಅಂಕ 205ರಿಂದ 805ರವರೆಗೆ. ಹಳೆಯ ಪರೀಕ್ಷೆಯ 700 ಅಂದರೆ ಹೊಸದರಲ್ಲಿ ಸುಮಾರು 645. ಆದ್ದರಿಂದ 655 ಕಡಿಮೆ ಅಂಕವೇನಲ್ಲ, ಬರೆದವರಲ್ಲಿ ಮೇಲಿನ ಸುಮಾರು ಶೇ. 10ರೊಳಗೆ ಬರುತ್ತದೆ. ಆದರೆ ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಸೇರಿದವರ ನಡುಮಟ್ಟ 680ರ ಆಚೀಚೆ. ಅಲ್ಲಿ ಸೀಟೂ ಕಡಿಮೆ. ಹಾರ್ವರ್ಡ್‌ನಲ್ಲಿ ವರ್ಷಕ್ಕೆ ಸುಮಾರು 930, ಸ್ಟ್ಯಾನ್‌ಫರ್ಡ್‌ನಲ್ಲಿ 430ರಷ್ಟು. ಅದರಲ್ಲೂ ವಿದೇಶಿಯರ ಪಾಲು ಮೂರರಲ್ಲೊಂದು ಭಾಗದ ಸುತ್ತಮುತ್ತ.

ಲಿಖಿತ ಕೋಟಾ ಎಂಬುದು ಎಲ್ಲಿಯೂ ಇಲ್ಲ. ಆದರೂ ತರಗತಿಯಲ್ಲಿ ಬೇರೆಬೇರೆ ದೇಶ, ಬೇರೆಬೇರೆ ಕಸುಬಿನವರು ಇರಬೇಕೆಂದು ಸಂಸ್ಥೆಗಳು ನೋಡುತ್ತವೆ. ಭಾರತದಿಂದ ಅರ್ಜಿ ಹಾಕುವವರು ಬಹಳ, ಅದರಲ್ಲಿ ಇಂಜಿನಿಯರ್ ಗಂಡುಮಕ್ಕಳದ್ದೇ ದೊಡ್ಡ ಗುಂಪು. ನಿಮ್ಮ ಹುಡುಗನನ್ನು ಪಕ್ಕದಲ್ಲಿಟ್ಟು ನೋಡುವುದು ಬ್ರೆಝಿಲ್‌ನ ಹುಡುಗಿಯ ಜೊತೆಗಲ್ಲ, ಬೆಂಗಳೂರಿನ ಐಟಿ ಕಂಪೆನಿಯಲ್ಲಿರುವ, 700ಕ್ಕೂ ಹೆಚ್ಚು ಅಂಕ ತಂದ ಇನ್ನೊಬ್ಬ ಭಾರತೀಯನ ಜೊತೆ. ಈ ಲೆಕ್ಕ ಹಿಡಿದರೆ 655 ಸಾಧಾರಣ.

ಹಾಗಾದರೆ ಬಾಗಿಲು ಮುಚ್ಚಿತಾ? ಇಲ್ಲ. ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮಂಗಳೂರಿನಲ್ಲಿ ಬಿಇ, ಐದು ವರ್ಷದಿಂದ ಜುಬೈಲ್‌ನ ಪ್ಲಾಂಟ್‌ನಲ್ಲಿ ಕೆಲಸ. ಶಟ್‌ಡೌನ್ ಸಮಯದಲ್ಲಿ ನೇಪಾಳಿ, ಬಾಂಗ್ಲಾ, ಮಲಯಾಳಿ ಎಂದು 40 ಮಂದಿಯನ್ನು ಹಗಲುರಾತ್ರಿ ಸಂಭಾಳಿಸಿ, ಗಡುವಿಗಿಂತ ಎರಡು ದಿನ ಮೊದಲೇ ಪ್ಲಾಂಟ್ ಚಾಲು ಮಾಡಿಸಿದವ. ಅದಕ್ಕೆ ಮುಂಚೆ ರಜೆಯಲ್ಲೆಲ್ಲ ಬಂದರಿನ ಒಣಮೀನಿನ ಅಂಗಡಿಯಲ್ಲಿ ಮಾವನ ಲೆಕ್ಕ ಬರೆದವ. ಇಂಥವನು ಪ್ರಬಂಧದಲ್ಲಿ ಏನು ಬರೆಯುತ್ತಾನೆ? "ನನಗೆ ನಾಯಕತ್ವ ಗುಣ ಇದೆ, ಜಾಗತಿಕ ದೃಷ್ಟಿಕೋನ ಬೇಕಾಗಿದೆ." ಅಂಗಡಿಯ ಸುದ್ದಿಯೇ ಇಲ್ಲ, ನಾಚಿಕೆ! ಇಂಟರ್‌ನೆಟ್‌ನಿಂದ ಎತ್ತಿದ ಅದೇ ಸಾಲು ಸಾವಿರ ಅರ್ಜಿಯಲ್ಲಿ ಇರುತ್ತದೆ. ಆ 40 ಮಂದಿಯ ಮಧ್ಯೆ ಜಗಳ ಬಂದಾಗ ಏನು ಮಾಡಿದ, ಒಣಮೀನಿನ ವ್ಯಾಪಾರ ಎಲ್ಲಿ ಸೋರುತ್ತದೆ ಎಂದು ಕಂಡುಕೊಂಡ, ಎಂಬಿಎ ಮುಗಿಸಿ ಅದನ್ನು ಏನು ಮಾಡುತ್ತಾನೆ, ಇದೆಲ್ಲ ಬೆಂಗಳೂರಿನ ಐಟಿ ಹುಡುಗನ ಹತ್ತಿರ ಇಲ್ಲ. ಸ್ಟ್ಯಾನ್‌ಫರ್ಡ್ ಬಹಳ ವರ್ಷಗಳಿಂದ ಕೇಳುತ್ತಾ ಬಂದದ್ದೂ ನಿಮಗೆ ಎಲ್ಲಕ್ಕಿಂತ ಮುಖ್ಯವಾದುದು ಏನು, ಯಾಕೆ ಎಂದು.

ಶಿಫಾರಸು ಪತ್ರದಲ್ಲಿ ನಮ್ಮವರು ಎಡವುವುದುಂಟು. "ನೀನೇ ಬರೆದು ತಾ, ಸಹಿ ಹಾಕಿ ಕೊಡುತ್ತೇನೆ" ಎನ್ನುವ ಮ್ಯಾನೇಜರ್‌ಗಳು ಎಲ್ಲ ಕಡೆ ಇದ್ದಾರೆ. ಅದು ನಡೆಯುವುದಿಲ್ಲ, ಅವರೇ ಬರೆದು ಆನ್‌ಲೈನ್‌ನಲ್ಲಿ ನೇರವಾಗಿ ಕಳುಹಿಸಬೇಕು. ದೊಡ್ಡ ಹುದ್ದೆಯ ಅಪರಿಚಿತರಿಗಿಂತ ದಿನಾ ಕೆಲಸ ನೋಡಿದ ಸೂಪರ್‌ವೈಸರ್ ಒಳ್ಳೆಯದು. ಎರಡು ತಿಂಗಳು ಮುಂಚೆಯೇ ಕೇಳಿಡಿ.

ಬಿಕಾಂ ಮಾಡಿದ ಹೆಣ್ಣುಮಕ್ಕಳು "ಮೂರು ವರ್ಷದ ಡಿಗ್ರಿ ನಡೆಯುವುದಿಲ್ಲ" ಎಂದು ಹಿಂದೆ ಸರಿಯುವುದುಂಟು. ಹಾರ್ವರ್ಡ್ ಸಹಿತ ಹಲವು ಕಡೆ ಭಾರತದ ಮೂರು ವರ್ಷದ ಡಿಗ್ರಿ ನಡೆಯುತ್ತದೆ. ಲೆಕ್ಕಪತ್ರದ ಕಚೇರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು ಆ ಇಂಜಿನಿಯರ್ ಗುಂಪಿನಲ್ಲಿ ಇಲ್ಲವೇ ಇಲ್ಲ ಎಂಬುದೂ ನೆನಪಿರಲಿ.

ಅರ್ಜಿ ಒಂದೇ ಕಡೆ ಹಾಕಬಾರದು, ಹತ್ತು ಕಡೆಯೂ ಬೇಡ. ದೊಡ್ಡ ಸಂಸ್ಥೆಗಳಲ್ಲಿ ಒಂದು ಅರ್ಜಿಗೇ 250 ಡಾಲರ್ ಆಸುಪಾಸು ಶುಲ್ಕ. ಕಷ್ಟದ್ದು ಒಂದೆರಡು, ಸಾಧ್ಯವಿರುವುದು ಎರಡು, ಧೈರ್ಯಕ್ಕೆ ಒಂದು ಸಾಕು. ಫ್ರಾನ್ಸ್ ಮತ್ತು ಸಿಂಗಾಪುರದಲ್ಲಿ ಕ್ಯಾಂಪಸ್ ಇರುವ ಇನ್ಸಿಯಾಡ್‌ನಲ್ಲಿ ಕೋರ್ಸ್ 10 ತಿಂಗಳು, ವರ್ಷಕ್ಕೆ ಸುಮಾರು 1,000 ಮಂದಿ, ಅಬುಧಾಬಿಯಲ್ಲೂ ಅದರ ಕ್ಯಾಂಪಸ್ ಇದೆ. ಗಲ್ಫ್ ಅನುಭವ ಇದ್ದವರಿಗೆ ನನ್ನ ಮಟ್ಟಿಗೆ ಅದು ಅಮೆರಿಕಕ್ಕಿಂತ ಹತ್ತಿರದ ದಾರಿ. ಹೈದರಾಬಾದ್‌ನ ಐಎಸ್‌ಬಿ ಕೂಡ ಒಂದೇ ವರ್ಷದ್ದು. ಮೊದಲ ಸುತ್ತು ಹೆಚ್ಚಾಗಿ ಸೆಪ್ಟೆಂಬರ್, ಎರಡನೆಯದು ಜನವರಿ. ಕೊನೆಯ ಸುತ್ತಿಗೆ ಕಾಯಬೇಡಿ, ವೀಸಾಕ್ಕೂ ಹಣಕ್ಕೂ ಸಮಯ ಸಾಲುವುದಿಲ್ಲ. "ಸೀಟು ಗ್ಯಾರಂಟಿ" ಎನ್ನುವ ಏಜೆಂಟರನ್ನು ಗೇಟಿನಿಂದಲೇ ಕಳುಹಿಸಿ.

ಇನ್ನು ಉಮ್ಮನ ಪ್ರಶ್ನೆ. ಹಾರ್ವರ್ಡ್‌ನಲ್ಲಿ ಊಟ, ವಸತಿ ಸೇರಿ ವರ್ಷಕ್ಕೆ 1 ಲಕ್ಷ ಡಾಲರ್ ದಾಟುತ್ತದೆ, ಅದೂ ಎರಡು ವರ್ಷ. ಮುಗಿಸಿದ ಮೇಲೆ ಅಲ್ಲಿ ಕೆಲಸ ಮಾಡಲು ಸಾಮಾನ್ಯವಾಗಿ ಒಂದು ವರ್ಷದ ಅನುಮತಿ, ಕೋರ್ಸ್ ಸ್ಟೆಮ್ ಪಟ್ಟಿಯಲ್ಲಿದ್ದರೆ ಮೂರು ವರ್ಷ. ಮುಂದೆ ಎಚ್-1ಬಿ ವೀಸಾ, ಅದು ಲಾಟರಿ. ಹಾಗಾಗಿ ಸಾಲವನ್ನು ಅಮೆರಿಕದ ಸಂಬಳ ನಂಬಿ ಮಾಡಬಾರದು, ಗಲ್ಫ್ ಸಂಬಳದಲ್ಲೇ ತೀರಿಸಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಬೇಕು. ಬಡ್ಡಿ ಸಾಲವೇ ಬೇಡ ಎನ್ನುವ ಮನೆಯವರಿಗೆ ಸಂಸ್ಥೆಯ ಸಹಾಯಧನ ಮುಖ್ಯ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನಲ್ಲಿ ಅದು ಕುಟುಂಬದ ಸ್ಥಿತಿ ನೋಡಿ ಕೊಡುವಂಥದ್ದು, ವಿದೇಶಿಯರಿಗೂ ಇದೆ, ಸೀಟು ಸಿಕ್ಕ ಮೇಲೆ ಅರ್ಜಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿಯೂ ವಿದೇಶ ವ್ಯಾಸಂಗಕ್ಕೆ ಸಾಲದ ಯೋಜನೆ ಇದೆ. ಎಂಬಿಎಗೆ ಅನ್ವಯವೇ, ಆದಾಯದ ಮಿತಿ ಎಷ್ಟು, ಜಾಮೀನು ಏನು ಎಂದು ಜಿಮ್ಯಾಟ್ ಬರೆಯುವ ಮೊದಲೇ ಜಿಲ್ಲಾ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.