ಮಳೆಗಾಲಕ್ಕೆ ಮುನಿಯುವ ಡ್ರಾಯರ್

ಅಜ್ಜನ ಕಾಲದ ಪೈನ್ ಕಪಾಟಿನ ಡ್ರಾಯರುಗಳು ಮಳೆಗಾಲದಲ್ಲಿ ಎಳೆದರೂ ಬರುವುದಿಲ್ಲ, ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತವೆ. ಯಾಕೆ?
– ಓದುಗರೊಬ್ಬರು, ಅಕ್ಕಲಕೋಟ ತಾಲ್ಲೂಕು

ಕಡಿದು ನೂರು ವರ್ಷವಾದರೂ ಮರ ನೀರು ಕುಡಿಯುವುದನ್ನು ಬಿಡುವುದಿಲ್ಲ. ಹಲಗೆಯೆಂದರೆ ಸಣ್ಣ ಕೊಳವೆಗಳ ಕಟ್ಟು, ನಿಮ್ಮ ಹೊಲದ ಕಣಿಕೆ ಸಿವುಡಿನ ಹಾಗೆ. ಗಾಳಿಯ ತೇವ ಕೊಳವೆಗಳ ಗೋಡೆಗೆ ಸೇರಿದಾಗ ಅವು ದಪ್ಪಗಾಗುತ್ತವೆ, ಉದ್ದವಾಗುವುದು ಮಾತ್ರ ಅತ್ಯಲ್ಪ. ಹಾಗಾಗಿ ಡ್ರಾಯರಿನ ಪಕ್ಕದ ಹಲಗೆ ಎತ್ತರದಲ್ಲಿ ಉಬ್ಬಿ ಚೌಕಟ್ಟಿಗೆ ಒತ್ತುತ್ತದೆ. ಸೊಲ್ಲಾಪುರ ಸೀಮೆಯ ಬೇಸಿಗೆ 40 ಡಿಗ್ರಿ ದಾಟಿದಾಗ ತೇವ ಹೊರಟುಹೋಗಿ ಅದೇ ಹಲಗೆ ಕುಗ್ಗುತ್ತದೆ. ಸಾಗುವಾನಿಯಲ್ಲಿ ಈ ಏರಿಳಿತ ಕಡಿಮೆ, ಪೈನಿನಲ್ಲಿ ಜಾಸ್ತಿ.

ದಯವಿಟ್ಟು ಮಳೆಗಾಲದಲ್ಲಿ ಉಜ್ಜುಗೊರಡು ಹಿಡಿಯಬೇಡಿ. ಆಗ ಹೆರೆದರೆ ಬೇಸಿಗೆಗೆ ಡ್ರಾಯರ್ ಲೊಡಲೊಡ ಎನ್ನುತ್ತದೆ. ಒಣಗಿದ ಮೇಲೆ ಜಾರುಪಟ್ಟಿಗೆ ಮೇಣದಬತ್ತಿ ತಿಕ್ಕಿದರೆ ಸಾಕು. ಕಪಾಟಿನ ಬಾಗಿಲಿನ ನಡುಹಲಗೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂತಿದ್ದರೆ ಅದು ದೋಷವಲ್ಲ, ಹಳೆಯ ಬಡಗಿಯ ಜಾಣತನ: ಹಿಗ್ಗಲು ಬಿಟ್ಟ ಜಾಗ. ಅಲ್ಲಿ ಅಂಟು ತುಂಬಿದರೆ ಹಲಗೆ ಸೀಳುತ್ತದೆ.

ಹಳೆಯ ಕಪಾಟು ಕೊಳ್ಳುವಾಗ ಡ್ರಾಯರ್ ಬಿಗಿಯಾಗಿದ್ದರೆ ಹೆದರಬೇಕಿಲ್ಲ. ಮರದ ತೂತುಗಳ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಮಾತ್ರ ಒಳಗೆ ಹುಳು ಜೀವಂತವಾಗಿರಬಹುದು; ಅಂಥದ್ದನ್ನು ಮನೆಗೆ ತರಬೇಡಿ.