ಗರ್ಭಿಣಿಯ ಲಾಲಾರಸವೂ ದಂತರಕ್ಷಣೆಯೂ

ಹೆರಿಗೆಗೊಂದು ಹಲ್ಲು ಹೋಗುವುದೆಂಬ ನಂಬಿಕೆ ಹಲವು ದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ಗರ್ಭಸ್ಥ ಶಿಶುವು ತಾಯಿಯ ಹಲ್ಲಿನಿಂದ ಸುಣ್ಣದ ಅಂಶವನ್ನು ಸೆಳೆದುಕೊಳ್ಳುವುದೆಂದು ಅದಕ್ಕೆ ಕಾರಣ ಹೇಳುವರು. ಇದು ಸರಿಯಲ್ಲ. ಶಿಶುವಿಗೆ ಬೇಕಾದ ಸುಣ್ಣವು ತಾಯಿಯ ಆಹಾರದಿಂದ, ಅದು ಸಾಲದಾದಾಗ ಆಕೆಯ ಮೂಳೆಗಳಿಂದ ಒದಗುವುದೇ ಹೊರತು ಹಲ್ಲಿನಿಂದಲ್ಲ. ಹಾಗಾದರೆ ಹಲ್ಲು ಕೆಡುವುದೇಕೆ?

ಲಾಲಾರಸವೇ ಹಲ್ಲಿನ ಕಾವಲು. ಆಮ್ಲವನ್ನು ಶಮನಗೊಳಿಸಿ, ದಂತಕವಚದಿಂದ ಕರಗಿಹೋದ ಲವಣಗಳನ್ನು ಮರಳಿ ತುಂಬುವುದು ಅದರ ಕಾರ್ಯ. ಬಸುರಿನಲ್ಲಿ ಈ ರಸದ ಆಮ್ಲನಿವಾರಕ ಶಕ್ತಿಯು ಸಾಮಾನ್ಯವಾಗಿ ಕುಗ್ಗುವುದು. ಇದೇ ವೇಳೆಗೆ ವಾಂತಿಯೊಡನೆ ಜಠರಾಮ್ಲವು ಬಾಯಿಗೆ ಬರುವುದು. ಬಯಕೆಯ ಹುಣಿಸೆ, ಮಾವಿನಕಾಯಿ, ಸಿಹಿತಿಂಡಿಗಳೂ ಅದರೊಡನೆ ಸೇರುವುವು. ಕಾವಲು ಸಡಿಲವಾದಾಗಲೇ ಶತ್ರುವಿನ ಬಲ ಹೆಚ್ಚಿದಂತಾಯಿತು. ಇದಲ್ಲದೆ ಪ್ರೊಜೆಸ್ಟರಾನ್ ಮೊದಲಾದ ಹಾರ್ಮೋನುಗಳು ಏರುವುದರಿಂದ ವಸಡುಗಳು ಊದಿ ರಕ್ತ ಒಸರುವುದುಂಟು. ಗರ್ಭಿಣಿಯರಲ್ಲಿ 100ಕ್ಕೆ ಸುಮಾರು 60ರಿಂದ 75 ಮಂದಿಗೆ ಈ ವಸಡಿನ ಉರಿಯೂತ ಕಾಣುತ್ತದೆ.

ಪರಿಹಾರ ಸುಲಭ. ವಾಂತಿಯಾದೊಡನೆ ಹಲ್ಲುಜ್ಜಬಾರದು; ಆಮ್ಲದಿಂದ ಮೆದುವಾದ ಕವಚವು ಸವೆದೀತು. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆಯ ಸೋಡಾ ಬೆರೆಸಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಕಳೆದ ಮೇಲೆ ಉಜ್ಜಬೇಕು. ವಸಡಿನಲ್ಲಿ ರಕ್ತ ಕಂಡಿತೆಂದು ಉಜ್ಜುವುದನ್ನೇ ಬಿಡುವುದು ತರವಲ್ಲ.

ಬಸುರಿಯು ದಂತವೈದ್ಯರಲ್ಲಿಗೆ ಹೋಗಬಾರದೆಂಬ ಅಂಜಿಕೆಯನ್ನು ನಾವು ಬಿಡಬೇಕು. ಅಗತ್ಯವಾದ ಚಿಕಿತ್ಸೆಯನ್ನು ಯಾವ ತಿಂಗಳಲ್ಲಾದರೂ ಮಾಡಿಸಬಹುದು. ನಡುವಣ ಮೂರು ತಿಂಗಳು ಹೆಚ್ಚು ಅನುಕೂಲ. ತಾಯಿಯ ಹಲ್ಲನ್ನು ಕೆಡಿಸುವ ಕ್ರಿಮಿಗಳು ಎಂಜಲಿನ ಮೂಲಕ ಮುಂದೆ ಮಗುವಿಗೂ ದಾಟಬಲ್ಲವು. ಆದುದರಿಂದ ತಾಯಿಯ ಬಾಯಿಯನ್ನು ಶುಚಿಯಾಗಿಡುವುದು ಇಬ್ಬರ ಆರೈಕೆಯೂ ಆಗುವುದು.